ನೀಲಿ ಗುರುತಿನ ಬೇಲುಗಳು

ಹಳೆ ರಟ್ಟಿನ ಡಬ್ಬಕ್ಕೆ ಅಂಗಡಿಯವನಿಗೆ ಸಿಗುವುದು ಕಿಲೋಗೆ ಮೂರು ರೂಪಾಯಿ. ಅದನ್ನು ಬಿಚ್ಚಿ, ಪಿನ್ನು ಕಿತ್ತು, ಟೇಪು ಸುಲಿದು, ಆರಿಸಿ ಕೊಡುವ ಹೆಂಗಸಿಗೆ ಕಿಲೋಗೆ ಮೂವತ್ತು ಪೈಸೆ. ಗೋಡೌನಿನ ಮಾಲೀಕ ಕಾಗದದ ಮಿಲ್ಲಿಗೆ ಮಾರುವುದು ಐದೂವರೆಗೆ. ಅಲ್ಲಿ ಕರಗಿ, ಕಂದು ಕಾಗದದ ಸುರುಳಿಯಾಗಿ, ಆನೇಮಹಲ್ ಕಡೆಯ ಡಬ್ಬದ ಕಾರ್ಖಾನೆಯಲ್ಲಿ ಮತ್ತೆ ಡಬ್ಬವಾಗಿ ಎಸ್ಟೇಟಿನ ಸ್ಟೋರಿಗೆ ಹೋಗುವಾಗ ಒಂದಕ್ಕೆ ಹದಿನಾಲ್ಕು ರೂಪಾಯಿ. ಇಷ್ಟು ಕೈ ದಾಟುವ ಸರಕಿನಲ್ಲಿ ನೀರಿಗೆ ಮಾತ್ರ ಯಾರೂ ದರ ಕಟ್ಟಿಲ್ಲ. ತೂಕ ಮಾತ್ರ ನೀರಿಗೂ ಇದೆ.

ಆಲೂರು ಠಾಣೆಯ ಸಬ್ ಇನ್‌ಸ್ಪೆಕ್ಟರ್ ಯೋಗಾನಂದ ಈ ಲೆಕ್ಕ ಕಲಿತದ್ದು 2007ರ ಫೆಬ್ರವರಿ 24ರ ಶನಿವಾರ, ಮಂಜುಶ್ರೀ ಎಂಬ ಹೆಣ್ಣುಮಗಳು ದೂರು ಹಿಡಿದು ಠಾಣೆಗೆ ಬಂದ ಮೇಲೆ. ಹಿಂದಿನ ದಿನ ಬೆಳಿಗ್ಗೆ ಊರ ಹೊರಗಿನ ಗುಜರಿ ಗೋಡೌನಿನಲ್ಲಿ ಅವಳ ತಾಯಿ ಚೌಡಮ್ಮನ ಮೇಲೆ ರಟ್ಟಿನ ಬೇಲುಗಳು ಉರುಳಿ ಬಿದ್ದಿದ್ದವು. ಬೇಲು ಅಂದರೆ ಪ್ರೆಸ್ಸಿನಲ್ಲಿ ಒತ್ತಿ ತಂತಿ ಬಿಗಿದ ಕಟ್ಟು. ಒಂದೊಂದೂ ಒಂದು ಮೂಟೆ ಭತ್ತದಷ್ಟು ಭಾರ. ಸಂಜೆ ಮಣ್ಣು ಮಾಡಿ ಬಂದ ಮಗಳು ರಾತ್ರಿ ಕಣ್ಣು ಮುಚ್ಚಿರಲಿಲ್ಲ ಎಂಬುದು ನೋಡಿದರೇ ತಿಳಿಯುತ್ತಿತ್ತು.

"ನಿನ್ನೆ ಅಸಹಜ ಸಾವು ಅಂತ ಯುಡಿಆರ್ ಬರ್ಕೊಂಡಿದೀವಲ್ಲಮ್ಮ," ಎಂದ ಯೋಗಾನಂದ. "ಬೇಲು ಜಾರಿ ಬಿದ್ದದ್ದು ಅಂತ ಅಲ್ಲೇ ಪ್ರೆಸ್ಸು ನಡೆಸೋ ನಿಮ್ಮಪ್ಪನೇ ಹೇಳಿಕೆ ಕೊಟ್ಟಿದಾನೆ."

"ಅಪ್ಪನಿಗೆ ಈಗ ಹಗಲು ಯಾವ್ದು ರಾತ್ರಿ ಯಾವ್ದು ಅಂತ್ಲೂ ಗೊತ್ತಿಲ್ಲ ಸಾರ್. ನಾನು ಕೈ ಹಾಕಿ ನೋಡಿದೀನಿ. ಅಡೀಲಿರೋ ಬೇಲು ಒದ್ದೆ ಐತೆ. ಮಳೆ ಕಂಡು ಎಷ್ಟು ತಿಂಗಳಾಯ್ತು?"

"ಅದಕ್ಕೆ?"

"ಮಾಲೀಕ ತೂಕಕ್ಕೆ ನೀರು ಹಾಕ್ಸವ್ನೆ. ಬೆಳಗೋಡಿನ ಡೈರೀಲಿ ಹಾಲು ಪರೀಕ್ಷೆ ಮಾಡೋಳು ನಾನು. ನೀರು ಹಾಕ್ಕೊಂಡು ಬರೋರನ್ನ ದಿನಾ ನೋಡ್ತೀನಿ. ನಮ್ಮವ್ವನ್ನ ಆ ನೀರೇ ಕೊಂದಿರೋದು. ಅವ್ನು ಒಳಗೆ ಹೋಗ್ಬೇಕು."

ಯೋಗಾನಂದ ಪೆನ್ನು ತೆಗೆದುಕೊಂಡು ಮತ್ತೆ ಕೆಳಗಿಟ್ಟ. ಹಿಂದಿನ ವರ್ಷ ಊರೂರನ್ನೇ ಮಲಗಿಸಿದ ಚಿಕುನ್‌ಗುನ್ಯಾ ಅವನನ್ನೂ ಬಿಟ್ಟಿರಲಿಲ್ಲ. ಜ್ವರ ಹೋಗಿ ಐದು ತಿಂಗಳಾದರೂ ಬೆಳಗಿನ ಹೊತ್ತು ಬೆರಳು ಮಡಚುತ್ತಿರಲಿಲ್ಲ. ಹೆಡ್ ಕಾನ್‌ಸ್ಟೆಬಲ್ ಮಹಾದೇವಯ್ಯ ಏನೂ ಕೇಳದೆ ಪುಸ್ತಕ ತನ್ನ ಕಡೆಗೆ ಎಳೆದುಕೊಂಡು ಬರೆದ. ಬೆಳಿಗ್ಗೆ 10.45ಕ್ಕೆ ಐಪಿಸಿ 304-ಎ ಅಡಿ ಎಫ್‌ಐಆರ್ ದಾಖಲಾಯಿತು. ನಿರ್ಲಕ್ಷ್ಯದಿಂದ ಸಾವು. ಆರೋಪಿ: ಗೋಡೌನ್ ಮಾಲೀಕ ಸುನಿಲ್‌ಕುಮಾರ್.

ಮಧ್ಯಾಹ್ನ ಪಂಚರನ್ನು ಕರೆದುಕೊಂಡು ಸ್ಥಳಕ್ಕೆ ಹೋದರು. ಗೋಡೌನಿನ ಹಿಂಗೋಡೆಗೆ ಬೇಲುಗಳನ್ನು ತೊಲೆಯ ಮಟ್ಟದವರೆಗೆ ಪೇರಿಸಲಾಗಿತ್ತು. ಒಂದು ಮೂಲೆ ಕುಸಿದು ಬಾಯಿ ತೆರೆದಿತ್ತು. ಸಾವಾದ್ದರಿಂದ ಮಿಲ್ಲಿಗೆ ಒಯ್ಯುವ ಆ ವಾರದ ಲಾರಿ ಬಂದಿರಲಿಲ್ಲ. ಸಾಕ್ಷಿ ಉಳಿದದ್ದು ಹಾಗೆ. ಬಾಗಿಲ ಬಳಿ ತಿರುಪಿನ ಪ್ರೆಸ್ಸು, ಅದರ ಪಕ್ಕ ತೂಕದ ಯಂತ್ರ.

ಸುನಿಲ್‌ಕುಮಾರ್ ಪಂಚನಾಮೆಗೆ ಅಡ್ಡಿ ಮಾಡಲಿಲ್ಲ. "ನೋಡಿ ಸಾರ್, ಎಲ್ಲಾ ನೋಡಿ. ಮಿಲ್ಲಿನೋರು ಬೇಲಿಗೆ ಸೂಜಿ ಚುಚ್ಚಿ ತೇವ ನೋಡ್ತಾರೆ. ಹೋದ ಎರಡು ಲೋಡಲ್ಲಿ ನನಗೆ ದುಡ್ಡು ಕಟ್ ಮಾಡವ್ರೆ. ಮಂಜಿನ ತೇವ ಇರ್ಬೇಕು ಅಂದ್ಕೊಂಡಿದ್ದೆ."

"ಈ ಬಟ್ಟೆ ಚೂರು ಏನು?" ಎದುರಿಗೆ ಕಾಣುತ್ತಿದ್ದ ಬೇಲುಗಳ ತಂತಿಗೆ ಒಂದೊಂದು ಚಿಂದಿ ಕಟ್ಟಿತ್ತು. ಕೆಲವು ಕೆಂಪು ಚೌಕುಳಿ, ಕೆಲವು ಹಳದಿ, ಕೆಲವು ನೀಲಿ.

"ಅದು ಹೆಂಗಸ್ರ ಗುರುತು. ಓದು ಬರಲ್ಲವಲ್ಲ, ಅವರವರ ಹಳೇ ಸೀರೆ ಚೂರು ಕಟ್ಕೋತಾರೆ. ಬೇಲು ಆದ್ಮೇಲೆ ತೂಗಿ ಸೀಮೆಸುಣ್ಣದಲ್ಲಿ ತೂಕ ಬರೀತೀನಿ. ಶನಿವಾರ ಗುರುತು ನೋಡಿ, ತೂಕ ಕೂಡಿ ಬಟವಾಡೆ. ನೀಲಿ ಚೌಡಮ್ಮಂದು."

ಯೋಗಾನಂದ ಒಂದೊಂದೇ ಬೇಲನ್ನು ಕೆಳಗಿಳಿಸಿ ತಂತಿ ಬಿಚ್ಚಿಸಿದ. ಮೇಲಿನ ಸಾಲುಗಳು ಹಪ್ಪಳದಂತೆ ಒಣಗಿದ್ದವು. ನೆಲಸಾಲಿನಲ್ಲಿ ಎಂಟು ಬೇಲು ಒದ್ದೆ. ಆ ಎಂಟರಲ್ಲಿ ಮೂರಕ್ಕೆ ನೀಲಿ ಚೂರಿತ್ತು. ಐದಕ್ಕೆ ಯಾವ ಗುರುತೂ ಇರಲಿಲ್ಲ. ಇನ್ನೊಂದು ವಿಷಯವನ್ನು ಅವನು ಎರಡು ಸಲ ಹೇಳಿ ಪಂಚನಾಮೆಯಲ್ಲಿ ಬರೆಸಿದ: ಬೇಲಿನ ಹೊರಮೈ ಬರಿ ತಣ್ಣಗೆ, ಕೈಗೆ ನೀರು ಅಂಟುತ್ತಿರಲಿಲ್ಲ. ಹಿಂಡಿದರೆ ನೀರು ಬರುತ್ತಿದ್ದುದು ನಡುವಿನ ಪದರಗಳಲ್ಲಿ.

"ಒಂದೇ ಹೆಂಗಸಿನ ಬೇಲಿಗೆ ನೀರು ಹಾಕಿ ಅವಳಿಗೆ ಕೂಲೀನೂ ಜಾಸ್ತಿ ಕೊಡ್ಲಾ ಸಾರ್?" ಸುನಿಲ್‌ಕುಮಾರನ ದನಿ ಈಗ ಏರಿತು. "ನನಗೇನು ತಲೆ ಕೆಟ್ಟೈತಾ? ಚೌಡಮ್ಮನೇ ಹಾಕವ್ಳೆ, ಬಿಡಿ."

ಬಾಗಿಲಲ್ಲಿ ನಿಂತಿದ್ದ ಮಂಜುಶ್ರೀ ಒಳಗೆ ಬಂದಳು. "ಹಂಗಾದ್ರೆ ನಮ್ಮವ್ವ ಕಳ್ಳಿ ಅಂತೀಯಾ?"

ಅವಳು ಯೋಗಾನಂದನತ್ತ ತಿರುಗಿದಳು. "ಸಾರ್, ನೀವೂ ಹಂಗೇ ಬರ್ಕೋತೀರಾ?"

"ಗೊತ್ತಾಗದೆ ಏನೂ ಬರೆಯಲ್ಲಮ್ಮ," ಎಂದಷ್ಟೇ ಹೇಳಿದ. ಅವಳು ನ್ಯಾಯ ಕೇಳಲು ಬಂದು ತಾಯಿಯ ಹೆಸರನ್ನೇ ಪಣಕ್ಕಿಟ್ಟಿದ್ದಳು. ಅದು ಅವನಿಗೂ ಗೊತ್ತಾಗಿತ್ತು, ಅವಳಿಗೂ.

ಚೌಡಮ್ಮನ ಜೊತೆ ಕೂತು ಡಬ್ಬ ಆರಿಸುತ್ತಿದ್ದವಳು ಬೆಟ್ಟಮ್ಮ. ಹೆಣವನ್ನು ಮೊದಲು ನೋಡಿದವಳೂ ಅವಳೇ. ಅವಳ ಹೇಳಿಕೆಯನ್ನು ಗೋಡೌನಿನ ಜಗಲಿಯಲ್ಲೇ ತೆಗೆದುಕೊಂಡರು.

"ಚೌಡಮ್ಮ ಕೆಲಸದಲ್ಲಿ ಹೆಂಗೆ?"

"ಮುಂಚೆ ಅವಳ ಮುಂದೆ ಯಾರೂ ಇಲ್ಲ ಕಣ್ರೀ. ನಾವು ಎರಡು ಬೇಲು ಮಾಡೋದ್ರೊಳಗೆ ಅವಳದು ಮೂರು. ಆಮೇಲೆ ಆ ಜ್ವರ ಬಂತಲ್ಲ. ಜಲ್ಮದಲ್ಲಿ ಕೋಳಿ ಮುಟ್ಟದೋಳು, ನಂಗ್ಯಾಕೆ ಚಿಕನ್ ಗುನ್ಯಾ ಬಂತು ಅಂತ ಅವಳೇ ನಗ್ಸೋಳು. ಬೆರಳು ಸೊಟ್ಟ ಆಗ್ಬುಟ್ಟವು. ಪಿನ್ನು ಹಿಡಿಯಕ್ಕಾಗ್ದೆ ಹಲ್ಲಲ್ಲಿ ಕೀಳೋಳು."

"ಆದ್ರೂ ತೂಕ ಕಡಿಮೆ ಆಗಿಲ್ಲವಲ್ಲ?"

ಬೆಟ್ಟಮ್ಮ ಸೆರಗಿನ ಅಂಚು ಸುತ್ತಿದಳು. "ಆಗಿಲ್ಲ."

"ಹೇಗೆ?"

"ನಂಗೊತ್ತಿಲ್ಲ ಸಾಮಿ."

ಗೊತ್ತಿದ್ದೂ ಗೊತ್ತಿಲ್ಲ ಅನ್ನುವವರು ಒಂದೋ ತಮ್ಮನ್ನು ಕಾಯುತ್ತಾರೆ, ಇಲ್ಲವೇ ಬೇರೆಯವರನ್ನು. ಬೆಟ್ಟಮ್ಮ ಯಾರನ್ನು ಕಾಯುತ್ತಿದ್ದಾಳೆ ಎಂದು ಯೋಗಾನಂದ ಆಗ ಒತ್ತಾಯಿಸಲಿಲ್ಲ.

ಬೇಲು ಯಾಕೆ ಕುಸಿಯಿತು ಎಂಬುದನ್ನು ಕೋರ್ಟಿನಲ್ಲಿ ಹೇಳುವವರು ಬೇಕಿತ್ತು. ಸೋಮವಾರ ಬೆಳಿಗ್ಗೆ ಮಹಾದೇವಯ್ಯನನ್ನು ಕರೆದುಕೊಂಡು ಆನೇಮಹಲ್ ಕಡೆಯ ಡಬ್ಬದ ಕಾರ್ಖಾನೆಗೆ ಹೋದ. ಉದ್ದನೆಯ ಶೆಡ್ಡು. ಕಾದ ಎರಡು ಹಲ್ಲಿನ ರೋಲರುಗಳ ನಡುವೆ ಕಂದು ಕಾಗದ ಹೋಗಿ ಆಚೆ ಕಡೆ ಅಲೆ ಅಲೆಯಾಗಿ ಬರುತ್ತಿತ್ತು. ಅದರ ಎರಡೂ ಮೈಗೆ ಚಪ್ಪಟೆ ಕಾಗದ ಅಂಟಿಸುತ್ತಿದ್ದರು. ಮೆಕ್ಕೆಜೋಳದ ಹಿಟ್ಟಿನ ಗಂಜಿಯೇ ಅಂಟು. ಶೆಡ್ಡಿನ ತುಂಬ ಅಂಬಲಿ ಕಾಯಿಸಿದ ವಾಸನೆ.

ಮೇಲ್ವಿಚಾರಕಿ ದ್ರಾಕ್ಷಾಯಣಿ ಪ್ರಶ್ನೆ ಕೇಳಿಸಿಕೊಂಡು ಒಂದು ಖಾಲಿ ಡಬ್ಬ ತಂದಿಟ್ಟಳು. "ಇದರ ಮೇಲೆ ಹತ್ತಿ ಸಾರ್."

ಮಹಾದೇವಯ್ಯ ತನ್ನ ಹೊಟ್ಟೆ ನೋಡಿಕೊಂಡ. "ನಾನೇ ಬೇಕಾ? ಕಾನ್‌ಸ್ಟೆಬಲ್ ಧರ್ಮ ಬಂದಿದ್ರೆ ಹಗುರ ಇದ್ದ."

"ಭಾರ ಇರೋರೇ ಬೇಕು."

ಅವನು ಹತ್ತಿ ನಿಂತ. ಡಬ್ಬ ಅಲುಗಲಿಲ್ಲ. ದ್ರಾಕ್ಷಾಯಣಿ ಅದೇ ಅಳತೆಯ ಇನ್ನೊಂದು ಡಬ್ಬದ ನಡುವಿಗೆ ಒದ್ದೆ ಬಟ್ಟೆ ಸುತ್ತಿಟ್ಟು, ಚಹಾ ಕೊಟ್ಟಳು. ಚಹಾ ಮುಗಿದ ಮೇಲೆ ಮಹಾದೇವಯ್ಯ ಅದರ ಮೇಲೆ ಒಂದು ಕಾಲಿಟ್ಟ. ಡಬ್ಬ ನಡುವಿನಲ್ಲಿ ಮಡಚಿ ಒಂದು ಪಕ್ಕಕ್ಕೆ ಮಲಗಿತು. ಒದ್ದೆಯಾದ ಕಡೆ ಮೂರು ಕಾಗದ ಬೇರೆ ಬೇರೆಯಾಗಿ ಬಿಟ್ಟುಕೊಂಡಿದ್ದವು.

"ಗಂಜಿ ನೀರು ಕುಡಿದ್ರೆ ಕಾಗದ ಬಿಟ್ಟುಬಿಡುತ್ತೆ," ಎಂದಳು ಅವಳು. "ಅಲೆ ಚಪ್ಪಟೆ ಆಗುತ್ತೆ. ಮೇಲಿನ ಭಾರ ಎಲ್ಲಿ ಸಡಿಲ ಐತೋ ಆ ಕಡೆ ವಾಲುತ್ತೆ."

"ಕಟ್ಟಿದ ಬೇಲಿನ ಮೇಲೆ ನೀರು ಸುರಿದ್ರೆ ಮೊದಲು ಒದ್ದೆ ಆಗೋದು ಎಲ್ಲಿ?"

"ಹೊರಗೇ ಅಲ್ವಾ ಸಾರ್."

ವಾಪಸು ಬರುವಾಗ ಜೀಪಿನಲ್ಲಿ ಯೋಗಾನಂದ ಲೆಕ್ಕ ಕೂಡಿಸುತ್ತ ಬಂದ. ನಡುವೆ ನೀರು ಹೋಗಬೇಕಾದರೆ ತಂತಿ ಬಿಗಿಯುವ ಮೊದಲೇ ಹೋಗಬೇಕು. ತಿರುಪು ಇಳಿಯುವ ಮುಂಚೆ ಪ್ರೆಸ್ಸಿನ ಗೂಡಿನೊಳಗೆ ಕೈ ಹಾಕುವವನು ಇಡೀ ಗೋಡೌನಿಗೆ ಒಬ್ಬನೇ. ಬೇಲನ್ನು ಎತ್ತಿ ಯಾವ ಸಾಲಿಗೆ ಇಡಬೇಕೆಂದು ನೋಡುವವನೂ ಅವನೇ.

"ಸಾರ್," ಎಂದ ಮಹಾದೇವಯ್ಯ, ರಸ್ತೆ ನೋಡುತ್ತಲೇ. "ಆ ಹುಡುಗಿಗೆ ಯಾರು ಹೇಳೋದು?"

ಚೌಡಮ್ಮನ ಗಂಡ ವೀರಯ್ಯ ಪ್ರೆಸ್ಸಿನ ಪಕ್ಕ ಕೂತಿದ್ದ. ಕೆಲಸ ನಿಂತಿದ್ದರೂ ಅವನು ಬೆಳಿಗ್ಗೆಯೇ ಬಂದು ಅಲ್ಲಿ ಕೂರುತ್ತಾನೆಂದು ಮಾಲೀಕ ಹೇಳಿದ್ದ. ಯೋಗಾನಂದ ಒಂದು ಸ್ಟೂಲು ಎಳೆದುಕೊಂಡು ಎದುರು ಕೂತ. ಪ್ರೆಸ್ಸಿನ ಹಿಂದೆ ನೀರಿನ ಡ್ರಮ್ಮು, ಅದರಲ್ಲಿ ಮುಳುಗಿ ಮೆತ್ತಗಾದ ಕೆಲವು ರಟ್ಟು.

"ಇದು ಯಾಕೆ ನೆನೆಹಾಕಿದ್ದು ವೀರಯ್ಯ?"

ವೀರಯ್ಯ ಡ್ರಮ್ಮನ್ನು ನೋಡಿದ. ಸುಳ್ಳು ಹುಡುಕುತ್ತಿದ್ದಾನೆ ಅನ್ನಿಸಲಿಲ್ಲ. ಎಲ್ಲಿಂದ ಶುರು ಮಾಡಬೇಕೆಂದು ನೋಡುತ್ತಿದ್ದ.

"ಎಂದಿನಿಂದ?"

"ದೀಪಾವಳಿ ಕಳೆದ ಮೇಲಿಂದ ಸಾಮಿ."

"ಅವಳು ಹೇಳಿದ್ಲಾ?"

"ಇಲ್ಲ. ಅವಳು ಇನ್ನೊಂದು ಹೊರೆ ತರಕ್ಕೆ ಆ ಕಡೆ ತಿರುಗ್ದಾಗ ನಡುವೆ ಎರಡು ರಟ್ಟು ಸೇರಿಸ್ಬುಡ್ತಿದ್ದೆ. ಒಂದು ವಾರ ಅಂತ ಶುರು ಮಾಡ್ದೆ. ಬೆರಳು ಸರಿಯಾಗ್ಲಿ ಅಂತ."

"ದುಡ್ಡಿಗಾಗಿ?"

"ದುಡ್ಡೇನು ಸಾಮಿ. ನಂಗೂ ಕೂಲಿ ಐತೆ, ಮಗಳೂ ಕೊಡ್ತಾಳೆ." ಅವನು ತೂಕದ ಯಂತ್ರದ ಕಡೆ ಕೈ ತೋರಿಸಿದ. "ಅಲ್ಲಿ ನಿಂತ್ಕೊಂಡು ಮುಳ್ಳು ನೋಡ್ತಿದ್ಲು. ಜ್ವರ ಬಿಟ್ಟು ಬಂದ ಮೊದಲ್ನೇ ದಿನ ಅರ್ಧಾನೂ ಆಗ್ಲಿಲ್ಲ. 'ಇನ್ನು ನಾನು ಕೂತು ತಿನ್ನೋಳಾದೆ' ಅಂದ್ಲು. ಆ ರಾತ್ರಿ ಉಣ್ಣಲಿಲ್ಲ. ಮಾರ್ನೆ ದಿನ ನಾನು ನೀರು ಸೇರಿಸ್ದೆ. ಮುಳ್ಳು ಏರ್ತು. ಅವಳು ನಗಾಡಿದ್ಲು. ಆಮೇಲೆ ನಿಲ್ಲಿಸಕ್ಕೆ ಆಗ್ಲಿಲ್ಲ."

"ಒದ್ದೆ ಬೇಲೆಲ್ಲ ಅಡಿಗೆ ಯಾಕೆ ಇಟ್ಟೆ?"

"ಯಾರ ಕೈಗೂ ಸಿಗ್ಬಾರ್ದು ಅಂತ."

ಯೋಗಾನಂದ ತನ್ನ ಬೆರಳುಗಳನ್ನು ತಾನೇ ಒತ್ತಿಕೊಳ್ಳುತ್ತಿದ್ದ. ವೀರಯ್ಯ ಅದನ್ನು ಗಮನಿಸಿದ. "ನಿಮಗೂ ಬಂದಿತ್ತಾ ಸಾಮಿ? ಬಿಸಿನೀರಲ್ಲಿ ಉಪ್ಪು ಹಾಕಿ ಕೈ ಇಟ್ಕೊಳ್ಳಿ. ದಿನಾ ಮಾಡ್ಕೊಡ್ತಿದ್ದೆ ಅವಳಿಗೆ."

"ಚೌಡಮ್ಮನಿಗೆ ಗೊತ್ತಿತ್ತಾ?"

"ಇಲ್ಲ. ಗೊತ್ತಾಗಿದ್ರೆ ನನ್ನ ಮುಖ ನೋಡ್ತಿರ್ಲಿಲ್ಲ."

ಸಂಜೆ 4.10ಕ್ಕೆ ವೀರಯ್ಯನನ್ನು ದಸ್ತಗಿರಿ ಮಾಡಲಾಯಿತು. ಆಸರೆ ಕೊಡದೆ ತೊಲೆಮಟ್ಟ ಪೇರಿಸಲು ಬಿಟ್ಟದ್ದಕ್ಕೆ ಸುನಿಲ್‌ಕುಮಾರನ ಹೆಸರು ಎಫ್‌ಐಆರ್‌ನಲ್ಲಿ ಹಾಗೇ ಉಳಿಯಿತು, ಎರಡನೇ ಆರೋಪಿಯಾಗಿ.

ಜೀಪು ಹೊರಡುವ ಮೊದಲು ಬೆಟ್ಟಮ್ಮ ಓಡಿ ಬಂದಳು. ವೀರಯ್ಯ ಹಿಂದಿನ ಸೀಟಿನಲ್ಲಿ ಕೂತದ್ದನ್ನು ನೋಡಿ ಯೋಗಾನಂದನನ್ನು ದೂರಕ್ಕೆ ಕರೆದಳು.

"ಸುಳ್ಳು ಹೇಳ್ಬುಟ್ಟೆ ಸಾಮಿ. ಸತ್ತೋಳ ಹೆಸರಿಗೆ ಮಸಿ ಅಂಟ್ಬಾರ್ದು ಅಂತ. ಗುರುವಾರ ಸಂಜೆ ಚೌಡಿ ಒಂದು ಬೇಲಿಗೆ ಒರಗಿ ಕೂತ್ಲು. ಎದ್ದಾಗ ರವಿಕೆ ಬೆನ್ನು ತಣ್ಣಗಿತ್ತು. ಬೆರಳು ತೂರಿಸಿ ನೋಡಿದ್ಲು. ಆಮೇಲೆ, 'ನಂದಲ್ಲದ ತೂಕದ ಮೇಲೆ ನನ್ನ ಗುರುತೈತೆ ಕಣೇ. ನಾಳೆ ಬೇಗ ಬಂದು ಬಿಚ್ಚಾಕ್ತೀನಿ. ನಮ್ಮೆಜಮಾನ್ರಿಗೆ ಹೇಳ್ಬೇಡ, ನೊಂದ್ಕೋತಾರೆ' ಅಂದ್ಲು."

ಯೋಗಾನಂದನಿಗೆ ಶುಕ್ರವಾರದ ಶವ ಮಹಜರು ನೆನಪಾಯಿತು. ಸೆರಗಿನ ತುದಿಯ ಗಂಟಿನಲ್ಲಿ ನಾಲ್ಕು ನೀಲಿ ಬಟ್ಟೆ ಚೂರು. ಬಲಗೈಯಲ್ಲಿ ಒಂದು. ಬೀಳುವಾಗ ಹಿಡಿದುಕೊಂಡಿರಬೇಕು ಎಂದು ಅವತ್ತು ಬರೆಸಿದ್ದ. ಮಡಚದ ಬೆರಳುಗಳಲ್ಲಿ ಅವಳು ಐದು ಗಂಟು ಬಿಚ್ಚಿದ್ದಳು. ಐದನೆಯದನ್ನು ಎಳೆಯುವಾಗ ರಾಶಿ ವಾಲಿತ್ತು.

ಅದನ್ನು ವೀರಯ್ಯನಿಗೆ ಹೇಳಲಿಲ್ಲ. ಕೋರ್ಟಿನಲ್ಲಿ ಒಂದು ದಿನ ಕೇಳಿಸಿಕೊಳ್ಳುತ್ತಾನೆ, ಇವತ್ತೇ ಯಾಕೆ.

ಮಂಜುಶ್ರೀಗೆ ಹೇಳಿದ. ಠಾಣೆಯ ಬೆಂಚಿನ ಮೇಲೆ ಅವಳು ಎಲ್ಲವನ್ನೂ ಕೇಳಿಸಿಕೊಂಡಳು. ಶವದ ಮೇಲೆ ಸಿಕ್ಕ ಐದು ನೀಲಿ ಚೂರುಗಳನ್ನು ಮೊಹರು ಮಾಡಿಟ್ಟ ಕವರಿನ ಮೇಲಿನ ಬರಹವನ್ನು ಮಹಾದೇವಯ್ಯ ಓದಿ ಹೇಳಿದ.

"ಗೊತ್ತಾದ್ಮೇಲೆ ಅವ್ವ ಆ ತೂಕ ತಗೊಳ್ಲಿಲ್ಲ, ಅಲ್ವಾ ಸಾರ್?"

"ಇಲ್ಲಮ್ಮ."

"ನಾನು ದೂರು ಕೊಡ್ದೇ ಇದ್ದಿದ್ರೆ?"

"ಜಾರಿ ಬಿತ್ತು ಅಂತ ಮುಗೀತಿತ್ತು."

ಇದು ಜಾಮೀನು ಸಿಗುವ ಕೇಸು, ಗೊತ್ತಿರುವ ಒಬ್ಬರು ಸಹಿ ಹಾಕಬೇಕು ಎಂದು ಮಹಾದೇವಯ್ಯ ಮೆಲ್ಲಗೆ ತಿಳಿಸಿದ. ವೀರಯ್ಯನಿಗೆ ಅವಳನ್ನು ಬಿಟ್ಟು ಯಾರೂ ಇರಲಿಲ್ಲ. ದೂರಿಗೆ ಸಹಿ ಹಾಕಿದ್ದ ಮೇಜಿನ ಮುಂದೆಯೇ ಅವಳು ಜಾಮೀನಿಗೂ ಸಹಿ ಹಾಕಿದಳು. ಒಳಗಿನಿಂದ ಬಂದ ಅಪ್ಪನ ಮುಖ ನೋಡಲಿಲ್ಲ. "ನಡಿ, ಏಳು ಗಂಟೆ ಬಸ್ ಹೋಗ್ಬುಡ್ತೈತೆ," ಎಂದು ಮುಂದೆ ನಡೆದಳು. ಅವನು ಹಿಂದೆ ಹೋದ.

ಆ ವಾರ ಪಂಚರ ಮುಂದೆ ಎಂಟೂ ಬೇಲುಗಳ ರಟ್ಟನ್ನು ಬಿಸಿಲಿಗೆ ಹರಡಿಸಿ, ಒಣಗಿದ ಮೇಲೆ ತೂಗಿಸಿದರು. ಸೀಮೆಸುಣ್ಣದ ತೂಕಕ್ಕಿಂತ ಎಪ್ಪತ್ತೆರಡು ಕಿಲೋ ಕಡಿಮೆ ಬಂತು. ಕಿಲೋಗೆ ಮೂವತ್ತು ಪೈಸೆಯಂತೆ ಇಪ್ಪತ್ತೊಂದು ರೂಪಾಯಿ ಅರವತ್ತು ಪೈಸೆ. ಚೌಡಮ್ಮನ ಹೆಸರು ಉಳಿಯಿತು. ಚೌಡಮ್ಮ ಉಳಿಯಲಿಲ್ಲ.