ಜಡ್ಜಮ್ಮನ ಉಂಗುರ ಸಿಕ್ಕ ಜಾಗ

ಅಡುಗೆಯಾಕೆ ನಮ್ಮ ಬಾಗಿಲಿಗೆ ಬಂದಾಗ ಅವಳ ಕೈಗೆ ಮೆತ್ತಿದ್ದ ಹಿಟ್ಟು ಇನ್ನೂ ಒಣಗಿರಲಿಲ್ಲ. ಒಳಗೆ ಬಾ ಎಂದರೆ ಬರಲಿಲ್ಲ, ಕೂತುಕೋ ಎಂದರೆ ಕೂರಲಿಲ್ಲ. ಹೊಸ್ತಿಲಾಚೆಯೇ ನಿಂತು, "ಅಕ್ಕಾವ್ರೇ, ನನ್ನ ಮಗಳನ್ನ ಕಳ್ಳಿ ಅಂತಿದ್ದಾರೆ" ಎಂದಳು.

ಅಕ್ಕಾವ್ರು ಎಂದರೆ ನನ್ನ ಅಕ್ಕ. ಕೋರ್ಟಿನಲ್ಲಿ ಗುಮಾಸ್ತೆಯಾಗಿದ್ದು, ಅಲ್ಲೇ ಕೂದಲು ನರೆಸಿಕೊಂಡು ನಿವೃತ್ತಳಾದವಳು. ಅಷ್ಟು ವರ್ಷ ಸಾಕ್ಷಿಗಳ ಸುಳ್ಳು ಕೇಳಿದ್ದಕ್ಕೋ ಏನೋ, ನಮ್ಮ ಕಟ್ಟಡದಲ್ಲಿ ಏನು ಕಳೆದರೂ, ಯಾರು ಯಾರ ಮೇಲೆ ಗೂಬೆ ಕೂರಿಸಿದರೂ, ಜನ ಪೊಲೀಸರಿಗಿಂತ ಮೊದಲು ನೆಲಮಹಡಿಯ ನಮ್ಮ ಬಾಗಿಲು ತಟ್ಟುತ್ತಿದ್ದರು. ನಾನು ಅವಳ ಜೊತೆಗಿರುವ ತಂಗಿ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುವುದರಿಂದ ಅವಳು ನನ್ನನ್ನು ಮೆಣಸಿನಕಾಯಿ ಎಂದು ಕರೆಯುತ್ತಾಳೆ. ಈ ಪ್ರಕರಣವನ್ನು ತಣ್ಣಗೆ ಹೇಳುತ್ತೇನೆಂದು ಅವಳಿಗೆ ಮಾತು ಕೊಟ್ಟಿದ್ದೇನೆ. ಉಳಿಸಿಕೊಳ್ಳುವ ಭರವಸೆ ನನಗೇ ಇಲ್ಲ.

ಅಡುಗೆಯಾಕೆ ಕೆಲಸಕ್ಕಿದ್ದದ್ದು ಮೇಲಿನ ಅಂತಸ್ತಿನ ಜಡ್ಜಮ್ಮನ ಮನೆಯಲ್ಲಿ. ಗಂಡ ಜಡ್ಜ್ ಆಗಿದ್ದರು, ತೀರಿಕೊಂಡು ಬಹಳ ಕಾಲವಾಗಿತ್ತು. ಹುದ್ದೆ ಮಾತ್ರ ಹೆಂಡತಿಯ ಹೆಸರಿಗೆ ಅಂಟಿಕೊಂಡು ಉಳಿದಿತ್ತು. ಮನೆಯಲ್ಲಿ ಡಾಕ್ಟರ್ ಮಗ, ತಾಯಿಯಿಲ್ಲದ ಮೊಮ್ಮಗಳು, ಜಡ್ಜಮ್ಮನ ತಮ್ಮ. ಅಡುಗೆಮನೆಯ ಹಿಂದಿನ ಸಣ್ಣ ಕೋಣೆಯಲ್ಲಿ ಅಡುಗೆಯಾಕೆ ಮತ್ತು ಅವಳ ಮಗಳು. ಇಬ್ಬರು ಹುಡುಗಿಯರೂ ಒಂದೇ ವಯಸ್ಸಿನವರು, ಒಂದೇ ಮೇಜಿನ ಮೇಲೆ ಪುಸ್ತಕ ಹರಡಿಕೊಂಡು ಬೆಳೆದವರು. ಅಡುಗೆಯಾಕೆಯ ಮಗಳ ಫೀಸು ಕಟ್ಟುತ್ತಿದ್ದದ್ದು ಜಡ್ಜಮ್ಮ. ಲಿಫ್ಟಿನಲ್ಲಿ ಸಿಕ್ಕವರಿಗೆಲ್ಲ ಅದನ್ನು ಹೇಳುತ್ತಲೂ ಇದ್ದರು. ಆ ವರ್ಷ ಇಬ್ಬರಿಗೂ ಒಂದೇ ವೈದ್ಯಕೀಯ ಕಾಲೇಜಿನಲ್ಲಿ ಸೀಟು ಸಿಕ್ಕಿತ್ತು.

ಬೆಳಗ್ಗೆ ಜಡ್ಜಮ್ಮನ ಹಸಿರು ಕಲ್ಲಿನ ಉಂಗುರ ಕಾಣೆಯಾಯಿತು. ಸ್ವಲ್ಪ ಹೊತ್ತಿನಲ್ಲೇ ಅವರು ಅದನ್ನು ಹಿಡಿದುಕೊಂಡು ಅಡುಗೆಮನೆಗೆ ಬಂದು, "ನಿನ್ನ ಕೋಟಲ್ಲಿತ್ತು" ಎಂದು ಹುಡುಗಿಯ ಮುಖಕ್ಕೆ ತೋರಿಸಿ, ಮರುಮಾತಿಗೆ ನಿಲ್ಲದೆ ಹೋಗಿ ಕಾಲೇಜಿನ ಪ್ರಿನ್ಸಿಪಾಲರಿಗೆ ಫೋನು ಮಾಡಿದರು. ಕಳ್ಳತನದ ಆರೋಪ ಇರುವವಳನ್ನು ಸೇರಿಸಿಕೊಳ್ಳಲು ಆಗುವುದಿಲ್ಲ, ಸಂಜೆಯೊಳಗೆ ಮನೆಯವರು ಬೇರೇನೂ ಹೇಳದಿದ್ದರೆ ಸೀಟು ರದ್ದು ಎಂದು ಪ್ರಿನ್ಸಿಪಾಲರು ಹೇಳಿದ್ದರಂತೆ. ಇಷ್ಟನ್ನೂ ಹೇಳಿ ಮುಗಿಸಿ ಅಡುಗೆಯಾಕೆ, "ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರಲ್ಲ ಅಕ್ಕಾವ್ರೇ" ಎಂದಳು. ಅಕ್ಕ ಚಪ್ಪಲಿ ಮೆಟ್ಟಿಕೊಂಡಳು.

ಜಡ್ಜಮ್ಮನ ಕೋಣೆ ಬೆಚ್ಚಗಿತ್ತು. ಡಾಕ್ಟರು ಕಿಟಕಿಯ ಬಳಿ ನಿಂತು ಹೊರಗೆ ನೋಡುತ್ತಿದ್ದರು, ರೋಗಿಯ ಮನೆಯವರಿಗೆ ಕೆಟ್ಟ ಸುದ್ದಿ ಹೇಳಬೇಕಾದಾಗ ಮಾಡುವಂತೆ. ಬೆಳಗ್ಗೆ ಕೋಣೆಗೆ ಯಾರ್ಯಾರು ಬಂದಿದ್ದರು ಎಂದು ಅಕ್ಕ ಕೇಳಿದಳು. ಚಹಾ ತಂದಿಟ್ಟ ಹುಡುಗಿ, ಬಾಚಣಿಗೆಗೆ ಬಂದ ಮೊಮ್ಮಗಳು, ಪೇಪರಿಗೆ ಬಂದ ತಮ್ಮ. ಮೂವರೂ ಡ್ರೆಸಿಂಗ್ ಟೇಬಲ್ಲಿನ ಪಕ್ಕದಲ್ಲೇ ಓಡಾಡಿದ್ದರು.

"ಹಾಗಾದ್ರೆ ಮೊದಲು ಆ ಹುಡುಗಿಯ ಕೋಟಿಗೇ ಕೈ ಹಾಕಿದ್ದು ಯಾಕೆ?"

"ಮತ್ತೆ ಇನ್ಯಾರ ಕೋಟಿಗೆ ಹಾಕಬೇಕಿತ್ತು?" ಎಂದರು ಜಡ್ಜಮ್ಮ. ಅವರಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. ನನ್ನ ಮೈ ಉರಿಯಿತು. ಅಕ್ಕ ನನ್ನ ಕಾಲು ತುಳಿದಳು.

ಉಂಗುರ ಹೊರಗಿನ ಜೇಬಿನಲ್ಲಿತ್ತೋ ಒಳಗಿನ ಜೇಬಿನಲ್ಲೋ ಎಂಬುದು ಅಕ್ಕನ ಮುಂದಿನ ಪ್ರಶ್ನೆ.

"ಒಳಜೇಬು. ಎಡಗಡೆ, ಎದೆ ಹತ್ತಿರ. ಹೊರಜೇಬಾಗಿದ್ರೆ ಯಾರೋ ಹಾಕಿರಬೇಕು ಅಂತ ಅವಳು ಹೇಳಬಹುದಿತ್ತು. ಅಷ್ಟು ಒಳಗೆ ಬಚ್ಚಿಟ್ಟಿದ್ದಾಳೆ ಅಂದ್ರೆ ಬೇಕಂತಲೇ ಮಾಡಿದ್ದಾಳೆ. ಪ್ರಿನ್ಸಿಪಾಲರಿಗೂ ಅದನ್ನೇ ಹೇಳಿದೆ." ಹಾಗೆನ್ನುತ್ತ ಅವರು ಕುರ್ಚಿಯ ಬೆನ್ನಿಗೆ ಹಾಕಿದ್ದ ತಮ್ಮ ಬೂದು ಕೋಟಿನ ಒಳಜೇಬಿನಿಂದ ಕನ್ನಡಕ ತೆಗೆದುಕೊಂಡರು. ಜೇಬಿಗೆ ಕೆಂಪು ಸ್ಯಾಟಿನ್ ಬಟ್ಟೆ. "ಆ ಕೋಟು ನನಗೆ ಗೊತ್ತಿಲ್ವೆ? ನನಗೂ ಮೊಮ್ಮಗಳಿಗೂ ಒಂದೇ ಬಟ್ಟೇಲಿ ನಾನೇ ಹೊಲಿಸಿದ್ದು. ಅವಳಿಗೆ ಬೇಜಾರಾಯ್ತು, ಇವಳಿಗೆ ಕೊಟ್ಟೆ. ಮೈಮೇಲಿರೋ ಎಳೆ ಎಳೆಯೂ ನಾನು ಕೊಟ್ಟಿದ್ದು. ಕೊಟ್ಟ ಕೈಗೇ ಕಚ್ಚಿದಳು."

ಹೊರಗೆ ಬಂದ ಮೇಲೆ ನಾನು ಅಕ್ಕನ ಕಿವಿಯಲ್ಲಿ ಪಿಸುಗುಟ್ಟಿದೆ. ಕಳ್ಳ ಯಾರೆಂದು ನನಗೆ ಆಗಲೇ ಗೊತ್ತಾಗಿತ್ತು. ಜಡ್ಜಮ್ಮನ ತಮ್ಮನಿಗೆ ಕಟ್ಟಡದಲ್ಲಿ ಇದ್ದ ಹೆಸರು ಮರೆಗುಳಿ ಮಾವ. ಹಿಂದೊಮ್ಮೆ ಪಕ್ಕದ ಮನೆಯ ಊಟಕ್ಕೆ ಹೋದವರು ಬೆಳ್ಳಿ ಚಮಚಗಳನ್ನು ಕಿಸೆಗೆ ಹಾಕಿಕೊಂಡು ಬಂದಿದ್ದರು. ಇನ್ನೊಮ್ಮೆ ಕ್ಲಬ್ಬಿನಿಂದ ಯಾರದೋ ಗಡಿಯಾರ. ಎರಡು ಸಲವೂ ಡಾಕ್ಟರು ವಸ್ತು ಹಿಂತಿರುಗಿಸಿ, ಮಾವನಿಗೆ ಮರೆವು ಜಾಸ್ತಿ ಎಂದು ನಕ್ಕಿದ್ದರು, ಎಲ್ಲರೂ ನಕ್ಕಿದ್ದರು. ಮೇಲಿನವರು ತೆಗೆದರೆ ಮರೆವು, ಕೆಳಗಿನವರು ತೆಗೆದರೆ ಕಳವು. ತೆಗೆಯದಿದ್ದರೂ ಕಳವು.

"ಕದ್ದವರು ವಸ್ತು ಇಟ್ಟುಕೊಳ್ತಾರೆ ಕಣೇ, ಬೇರೆಯವರ ಕೋಟಿಗೆ ತುಂಬಿ ಹೋಗಲ್ಲ" ಎಂದಳು ಅಕ್ಕ. "ಅವರು ಪೇಪರು ಬಿಟ್ಟು ಅಡುಗೆಮನೆ ಕಡೆ ಹೋಗಿದ್ದನ್ನ ಯಾರಾದ್ರೂ ನೋಡಿದ್ದಾರಾ ಕೇಳು." ಕೇಳಿದೆ. ಆ ಮನುಷ್ಯ ಆ ಮನೆಯಲ್ಲಿ ಇದ್ದಷ್ಟು ವರ್ಷವೂ ಅಡುಗೆಮನೆಯ ಬಾಗಿಲು ದಾಟಿಲ್ಲವಂತೆ. ನೀರು ಬೇಕಾದರೂ ಕೂತಲ್ಲಿಂದ ಕೂಗುವ ಕುಳ.

ಅಡುಗೆಮನೆಯ ಓಣಿಯಲ್ಲಿ ಗೂಟಕ್ಕೆ ಆ ಕೋಟು ನೇತಾಡುತ್ತಿತ್ತು. ಬೂದು ಉಣ್ಣೆ, ತೋಳುಗಳ ತುದಿಗೆ ಕೆಂಪು ಸ್ಯಾಟಿನ್ನಿನ ಪಟ್ಟಿ. ನೋಡಲು ಅದೂ ಒಂದು ವಿನ್ಯಾಸವೆನ್ನುವಂತೆ ಚೆನ್ನಾಗಿತ್ತು. ಅಕ್ಕ ತೋಳನ್ನು ಹಿಡಿದು ಬೆರಳಿಂದ ಸವರಿದಳು, ಯಾರು ಹೊಲಿದದ್ದು ಎಂದು ಕೇಳಿದಳು. ಅಡುಗೆಯಾಕೆ ತಾನೇ ಎಂದಳು. ಮಗಳು ಮೊಮ್ಮಗಳಿಗಿಂತ ಉದ್ದ, ತೋಳು ಮಣಿಕಟ್ಟಿಗೂ ಬರುತ್ತಿರಲಿಲ್ಲ, ಒಳಗೆ ಮಡಚಿದ್ದನ್ನು ಬಿಚ್ಚಿ ಕೋಟಲ್ಲಿದ್ದ ಬಟ್ಟೆಯಲ್ಲೇ ಹೊಂದಿಸಿದ್ದೆ ಎಂದಳು. ಅಕ್ಕ ಕೋಟಿನ ಒಳಗೊಮ್ಮೆ ಇಣುಕಿ ಅದನ್ನು ಮತ್ತೆ ಗೂಟಕ್ಕೆ ಹಾಕಿದಳು. ಆ ಕ್ಷಣದಲ್ಲಿ ಅವಳ ಮುಖ ಕೆಂಪಾದದ್ದನ್ನು ನಾನು ನೋಡಿದೆ. ನನ್ನಂತೆ ಅವಳಿಗೆ ಸುಮ್ಮಸುಮ್ಮನೆ ಸಿಟ್ಟು ಬರುವುದಿಲ್ಲ.

ಹುಡುಗಿ ಒಲೆಯ ಪಕ್ಕ ನಿಂತಿದ್ದಳು. ಅತ್ತು ಅತ್ತು ಅಳು ಮುಗಿದಿತ್ತು. ಜಡ್ಜಮ್ಮನ ಜೊತೆ ಈಚೆಗೆ ಏನಾದರೂ ಮಾತು ಬಂದಿತ್ತಾ ಎಂದು ಅಕ್ಕ ಕೇಳಿದ್ದಕ್ಕೆ, ಕೆಲವು ದಿನಗಳ ಹಿಂದೆ ಅಮ್ಮಾವ್ರು ಕರೆದು ಬೇರೆ ಊರಿನ ನರ್ಸಿಂಗ್ ಶಾಲೆಗೆ ಸೇರು, ಪೂರ್ತಿ ಖರ್ಚು ನನ್ನದು ಎಂದಿದ್ದರು, ನಾನು ಬೇಡವೆಂದೆ ಎಂದಳು. ಮೊಮ್ಮಗಳನ್ನು ಕೇಳಿದಾಗ ಇನ್ನೊಂದು ವಿಷಯ ತಿಳಿಯಿತು: ಹಾಸ್ಟೆಲಿನಲ್ಲಿ ಇಬ್ಬರೂ ಒಂದೇ ರೂಮು ಕೇಳಿದ್ದರು, ಹಿಂದಿನ ಸಂಜೆ ಅದು ಸಿಕ್ಕಿತ್ತು, ಖುಷಿಯಲ್ಲಿ ಅವಳೇ ಓಡಿಹೋಗಿ ಅಜ್ಜಿಗೆ ಹೇಳಿದ್ದಳು.

ಇಷ್ಟಾದ ಮೇಲೆ ಅಕ್ಕ ಎಲ್ಲರನ್ನೂ ಹಾಲಿಗೆ ಕರೆದಳು. ಜಡ್ಜಮ್ಮ ದೊಡ್ಡ ಕುರ್ಚಿಯಲ್ಲಿ, ಪಕ್ಕದಲ್ಲಿ ಮಗ. ಮರೆಗುಳಿ ಮಾವ ಪೇಪರಿನ ಹಿಂದೆ. ಮೊಮ್ಮಗಳು ಸೋಫಾದ ಅಂಚಿನಲ್ಲಿ. ತಾಯಿ ಮಗಳು ಗೋಡೆಗೆ ಒರಗಿ ನಿಂತಿದ್ದರು. ಅಷ್ಟು ಕುರ್ಚಿ ಖಾಲಿ ಇದ್ದರೂ ಕೂರಿ ಎಂದು ಯಾರೂ ಹೇಳಲಿಲ್ಲ, ಹೇಳಿದರೂ ಅವರು ಕೂರುತ್ತಿರಲಿಲ್ಲ. ನಾನೂ ಹಟಕ್ಕೆ ನಿಂತೇ ಇದ್ದೆ.

ಅಕ್ಕ ಹುಡುಗಿಯ ಕೋಟನ್ನು ತಂದು ಜಡ್ಜಮ್ಮನ ತೊಡೆಯ ಮೇಲಿಟ್ಟಳು. "ಉಂಗುರ ಎಲ್ಲಿ ಸಿಕ್ಕಿತು ಅಂತ ಎಲ್ಲರಿಗೂ ಒಂದ್ಸಲ ತೋರಿಸಿ."

ಜಡ್ಜಮ್ಮ ಕೋಟು ಬಿಡಿಸಿ, ಎಡಗಡೆ ಒಳಗೆ ಕೈ ಹಾಕಿದರು. ಕೈ ಒಳಬಟ್ಟೆಯ ಮೇಲೆ ಜಾರಿ ಕೆಳಗೆ ಹೋಯಿತು. ಮತ್ತೆ ಮೇಲೆ ತಂದು ಸವರಿದರು. ಬಲಗಡೆ ಹುಡುಕಿದರು. ಕೊನೆಗೆ ಕನ್ನಡಕ ಹಾಕಿಕೊಂಡು ನೋಡಿದರು. ಹಿಂದೆ ಜೇಬಿನ ಬಾಯಿ ಇದ್ದ ಕಡೆ ಸಣ್ಣ ಸಣ್ಣ ಹೊಲಿಗೆಯ ಒಂದು ಸಾಲು ಮಾತ್ರ ಇತ್ತು.

"ಹುಡುಕಬೇಡಿ, ಸಿಗಲ್ಲ" ಎಂದಳು ಅಕ್ಕ. "ಆ ಜೇಬು ಈಗ ತೋಳಿನ ತುದಿಯಲ್ಲಿದೆ."

ಆಮೇಲೆ ಅವಳು ಒಂದೊಂದಾಗಿ ಬಿಡಿಸಿ ಹೇಳಿದಳು. ತೋಳು ಸಾಲದೆ ಅಡುಗೆಯಾಕೆ ಒಳಜೇಬನ್ನು ಬಿಚ್ಚಿ, ಅದರ ಸ್ಯಾಟಿನ್ನನ್ನೇ ಪಟ್ಟಿ ಮಾಡಿದ್ದಳು. ಇಲ್ಲದ ಜೇಬಿನಲ್ಲಿ ಹುಡುಗಿ ಉಂಗುರ ಇಡಲಾರಳು. ಮಾವನೂ ಇಡಲಾರರು, ಯಾರೂ ಇಡಲಾರರು. ಅಲ್ಲಿ ಉಂಗುರ ಸಿಕ್ಕಿತು ಎಂದವರು ಆ ಕೋಟಿಗೆ ಕೈಯನ್ನೇ ಹಾಕಿರಲಿಲ್ಲ. ಉಂಗುರ ಅವರ ಹತ್ತಿರ ಇತ್ತು, ಅವರ ಹತ್ತಿರವೇ ಉಳಿದಿತ್ತು. ಕೋಟು ಹೇಗಿದೆ ಎಂದು ಅವರು ಹೇಳಿದ್ದು ತಮ್ಮ ಕೋಟನ್ನು ನೋಡಿಕೊಂಡು. ಅಡುಗೆಯಾಕೆಗೂ ಮಗಳಿಗೂ ಒಳಜೇಬಿನ ಮಾತು ಕಿವಿಗೇ ಬಿದ್ದಿರಲಿಲ್ಲ. ಬಿದ್ದಿದ್ದರೆ ಆಗಲೇ ಹೇಳುತ್ತಿದ್ದರು. ಅವರನ್ನು ಕೇಳುವ ಗೋಜಿಗೆ ಈ ಮನೆಯಲ್ಲಿ ಯಾರು ಹೋಗಿದ್ದರು?

"ಈ ಹುಡುಗಿ ಇದೇ ಕೋಟು ಹಾಕ್ಕೊಂಡು ಚಳಿಗಾಲ ಪೂರ್ತಿ ನಿಮ್ಮ ಕಣ್ಣೆದುರಿಗೇ ಓಡಾಡಿದ್ದಾಳೆ" ಎಂದಳು ಅಕ್ಕ. "ತೋಳಿಗೆ ಕೆಂಪು ಪಟ್ಟಿ ಬಂದಿದ್ದು ನಿಮಗೆ ಕಾಣಲಿಲ್ಲ. ಕೊಟ್ಟಿದ್ದು ಮಾತ್ರ ನೆನಪಿಟ್ಟುಕೊಂಡ್ರಿ, ಹಾಕ್ಕೊಂಡವಳನ್ನ ನೋಡಲೇ ಇಲ್ಲ."

ಪೇಪರು ಕೆಳಗಿಳಿಯಿತು. ಮರೆಗುಳಿ ಮಾವ ಅಕ್ಕನ ಮುಖ ನೋಡಿದರು, ಬಹುಶಃ ಜೀವನದಲ್ಲಿ ಮೊದಲ ಬಾರಿಗೆ ತಪ್ಪು ತಮ್ಮದಲ್ಲ ಎಂದು ಖಾತ್ರಿಯಾಗಿ.

ಜಡ್ಜಮ್ಮ ಅಳಲಿಲ್ಲ, ತಲೆ ತಗ್ಗಿಸಲೂ ಇಲ್ಲ. "ಅಕ್ಷರ ಕಲಿಸಿದ್ದು ನಾನು" ಎಂದರು. "ಓದಬೇಡ ಅಂದೆನಾ? ನರ್ಸ್ ಆಗು ಅಂದೆ, ಖರ್ಚು ಕೊಡ್ತೀನಿ ಅಂದೆ. ಅವಳಿಗೆ ಡಾಕ್ಟರೇ ಆಗಬೇಕು. ಆಗಲಿ ಬಿಡು ಅಂದುಕೊಂಡೆ. ಆದ್ರೆ ಅದೇ ರೂಮು, ಪಕ್ಕದಲ್ಲೇ ಮಂಚ. ನಾಳೆ ನನ್ನ ಮೊಮ್ಮಗಳನ್ನ ನೋಡೋಕೆ ಒಳ್ಳೇ ಮನೆಯವರು ಬಂದು, ಇವಳ ಸ್ನೇಹಿತೆ ಯಾರು ಅಂತ ಕೇಳಿದ್ರೆ ನಾನು ಏನು ಹೇಳಲಿ? ನಮ್ಮ ಅಡುಗೆಯವಳ ಮಗಳು ಅನ್ನಲಾ?"

ಡಾಕ್ಟರು ಗಂಟಲು ಸರಿಮಾಡಿಕೊಂಡರು. ಅಮ್ಮನಿಗೆ ವಯಸ್ಸಾಗಿದೆ, ಉಂಗುರ ಎಲ್ಲೋ ಇಟ್ಟು ಮರೆತಿರಬೇಕು, ಮನೆಯ ವಿಷಯ ಮನೆಯಲ್ಲೇ ಇರಲಿ ಎಂದರು. ಅಲ್ಲಿಗೆ ನನ್ನ ಸಹನೆಯ ಕಟ್ಟೆ ಒಡೆಯಿತು.

"ಮರೆವು ಅನ್ನೋದು ಈ ಅಂತಸ್ತಿನವರಿಗೆ ಮಾತ್ರ ಬರೋ ಕಾಯಿಲೆನಾ ಡಾಕ್ಟರೇ?" ಎಂದೆ. "ಗಡಿಯಾರ ಎತ್ತಿದ್ರೆ ಮರೆವು, ಒಂದು ಹೆಣ್ಣಿನ ಬಾಳು ಹಾಳುಮಾಡಿದ್ರೂ ಮರೆವು. ಹಾಗಾದ್ರೆ ನಮ್ಮ ಕೆಳಗಿನವರಿಗೂ ಒಂದಿಷ್ಟು ಔಷಧಿ ಬರೆದುಕೊಡಿ, ನಾವೂ ಮರೆತುಬಿಡ್ತೀವಿ."

ಈ ಸಲ ಅಕ್ಕ ನನ್ನ ಕಾಲು ತುಳಿಯಲಿಲ್ಲ. ಫೋನನ್ನು ಜಡ್ಜಮ್ಮನ ಮುಂದಿಟ್ಟು, ಪ್ರಿನ್ಸಿಪಾಲರಿಗೆ ಹೇಳಿದ್ದು ಸುಳ್ಳೆಂದು ಈಗಲೇ ಹೇಳಬೇಕು ಎಂದಳು. ಜಡ್ಜಮ್ಮ ಕೈ ಚಾಚಲಿಲ್ಲ. ಅಡುಗೆಯಾಕೆ ಗೋಡೆ ಬಿಟ್ಟು ಮುಂದೆ ಬಂದು, ಹೊಟ್ಟೆಗೆ ಹಾಕ್ಕೊಳ್ಳಿ ಅಮ್ಮಾವ್ರೇ, ಫೋನು ಮಾಡಿ ಎಂದು ಕೈ ಮುಗಿದಳು. ತಪ್ಪು ಮಾಡಿದವರು ಕೂತಿದ್ದರು, ಅನ್ಯಾಯವಾದವಳು ಕೈ ಮುಗಿಯುತ್ತಿದ್ದಳು. ಆ ಕೈಗಳನ್ನು ಹಿಡಿದು ಕೆಳಗಿಳಿಸಿದವಳು ಅವಳ ಮಗಳು.

ಕೊನೆಗೆ ಫೋನು ಎತ್ತಿಕೊಂಡವಳು ಮೊಮ್ಮಗಳು. ನಮ್ಮ ಅಜ್ಜಿ ಬೆಳಗ್ಗೆ ಹೇಳಿದ್ದು ಸುಳ್ಳು, ಉಂಗುರ ಕಳುವೇ ಆಗಿರಲಿಲ್ಲ ಎಂದು ಹೇಳಿದಳು. ಅತ್ತ ಕಡೆಯ ದನಿ ಮೆತ್ತಗಾದದ್ದು ನಮಗೆಲ್ಲ ಕೇಳಿಸಿತು. ದೊಡ್ಡ ಮನೆಗಳಲ್ಲಿ ಇಂಥ ಗಲಿಬಿಲಿ ಆಗುತ್ತಿರುತ್ತದೆ, ಅಜ್ಜಿಯವರಿಗೆ ನಮಸ್ಕಾರ ತಿಳಿಸಿ ಎಂದರು ಪ್ರಿನ್ಸಿಪಾಲರು. ಹುಡುಗಿಯ ಹೆಸರನ್ನೂ ಎತ್ತಲಿಲ್ಲ. ಅಕ್ಕ ಫೋನು ಕಸಿದುಕೊಂಡು ಸೀಟು ಇದೆಯೋ ಇಲ್ಲವೋ ಎಂದು ಕೇಳಿ, ಇದೆ ಎಂಬ ಮಾತು ಅವರ ಬಾಯಿಂದ ಬರುವವರೆಗೆ ಬಿಡಲಿಲ್ಲ.

ಮೊಮ್ಮಗಳು ಕಣ್ಣೊರೆಸಿಕೊಂಡು ಗೋಡೆಯ ಹತ್ತಿರ ಹೋದಳು. ಎಲ್ಲ ಸರಿಹೋಯಿತಲ್ಲ, ಇಬ್ಬರೂ ಒಟ್ಟಿಗೇ ಹೊರಡೋಣ, ರೂಮೂ ಹಾಗೇ ಇದೆ ಎಂದಳು. ಜಡ್ಜಮ್ಮ ಮುಖ ತಿರುಗಿಸಿದರು.

"ಸೀಟು ನಂದು, ಅದಕ್ಕೆ ಬರ್ತೀನಿ" ಎಂದಳು ಹುಡುಗಿ. "ರೂಮು ಬೇಡ."

"ಯಾಕೆ? ಅಜ್ಜಿ ಮಾಡಿದ್ದಕ್ಕೆ ನನ್ನ ಮೇಲೆ ಯಾಕೆ ಸಿಟ್ಟು? ನಾನೇನು ಮಾಡಿದೆ?"

"ಬೆಳಗ್ಗೆ ನಿಮ್ಮಜ್ಜಿ ಬೈದು ಹೋದ ಮೇಲೆ ನೀನು ಅಡುಗೆಮನೆಗೆ ಬಂದೆ. ನನ್ನ ಕೈ ಹಿಡ್ಕೊಂಡೆ. ನನ್ನ ಪರವಾಗಿ ಮಾತಾಡ್ತೀಯ ಅಂದ್ಕೊಂಡೆ" ಎಂದಳು ಹುಡುಗಿ. ದನಿ ಏರಿಸಲಿಲ್ಲ. "ನೀನು ಕೇಳಿದ್ದು, 'ನನ್ನ ಹತ್ರ ಆದ್ರೂ ನಿಜ ಹೇಳು, ತಗೊಂಡ್ಯಾ?' ಅಂತ. ಅಜ್ಜಿಗೆ ಗೊತ್ತಿತ್ತು ನಾನು ತಗೊಂಡಿಲ್ಲ ಅಂತ. ನಿನಗೆ ಗೊತ್ತಿರಲಿಲ್ಲ."

ತಾಯಿ ಮಗಳು ತಮ್ಮ ಸಾಮಾನು ಕಟ್ಟಿಕೊಳ್ಳಲು ಒಳಗೆ ಹೋದರು, ಅಕ್ಕ ಅವರಿಗೆ ಕೈಜೋಡಿಸಲು ಹಿಂದೆಯೇ ಹೋದಳು.