ಹೊಸ್ತಿಲ ಕೆಳಗಿನ ಸಪ್ಪಳ

ಅವನನ್ನು ನಾನು ಮೊದಲ ಸಲ ಮಾತಾಡಿಸಿದ್ದೇ ಬೈದು.

ಶಹಾಬಾದಿನ ನಮ್ಮ ಓಣಿಗೆ ಐದು ದಿನಕ್ಕೊಮ್ಮೆ ಬೆಳಗಿನ ಆರಕ್ಕೆ ನಳದ ನೀರು ಬರುತ್ತದೆ. ಆ ಹೊತ್ತಿನಲ್ಲಿ ಗಂಡಸೊಬ್ಬ ನಮ್ಮ ಬಾಗಿಲ ಮುಂದೆ ಮಂಡಿಯೂರಿ, ಕಬ್ಬಿಣದ ಸಲಾಕೆಯನ್ನು ನೆಲಕ್ಕೆ ನಿಲ್ಲಿಸಿ, ಅದರ ತುದಿಗೆ ಕಿವಿ ಹಚ್ಚಿ ಕಣ್ಣು ಮುಚ್ಚಿಕೊಂಡಿದ್ದರೆ ಯಾರು ಸುಮ್ಮನಿರುತ್ತಾರೆ?

"ಯಾರ್ರಿ ನೀವು? ನಮ್ಮನಿ ಮುಂದ ಏನ್ ಮಾಡಾಕತ್ತೀರಿ?"

"ನೀರು ಎಲ್ಲಿ ಸೋರಾಕತ್ತದ ಅಂತ ಕೇಳಾಕತ್ತೀನ್ರಿ. ನಿಮ್ಮ ಮಷೀನ್ ಜರಾ ಬಂದ್ ಮಾಡ್ರಿ. ಪೈಪಿನ ಸಪ್ಪಳ ಕೇಳವಲ್ದು."

ಹೊಲಿಗೆ ಯಂತ್ರ ನಿಲ್ಲಿಸಿ ಹೊಸ್ತಿಲಲ್ಲಿ ನಿಂತೆ. ಸ್ವಲ್ಪ ಹೊತ್ತಾದ ಮೇಲೆ ಅವನು ಒಂದೇ ಕಣ್ಣು ತೆರೆದು ನನ್ನನ್ನು ನೋಡಿದ.

"ಉಸಿರು ಆಡ್ರಿ. ಅದನ್ನ ಬಂದ್ ಮಾಡ್ರಿ ಅಂದಿಲ್ಲ ನಾ."

ನಗು ಬಂತು. ಇಪ್ಪತ್ತೊಂಬತ್ತು ವಯಸ್ಸಾಗಿ, ನಾಲ್ಕು ಕಡೆಯ ಗಂಡಿನವರು ನೋಡಿ ಹೋದ ಮೇಲೆ, ಗುರುತಿಲ್ಲದವನೊಬ್ಬನ ಎದುರು ಅಷ್ಟು ಸುಲಭವಾಗಿ ನಗು ಬರಬಾರದಿತ್ತು.

ಹೆಸರು ಅಣವೀರ, ಊರು ತೆಂಗಳಿ, ಸೋರಿಕೆ ಹುಡುಕುವ ಗುತ್ತಿಗೆದಾರನ ಹತ್ತಿರ ಕೆಲಸ. ಓಣಿಯ ತುದಿಯ ಮನೆಗಳಿಗೆ ಎರಡು ತಿಂಗಳಿಂದ ವಾಸನೆಯ ನೀರು ಬರುತ್ತಿತ್ತು. ನಳ ಬಿಟ್ಟಾಗ ಪೈಪಿನ ತೂತಿನಿಂದ ನೀರು ಹೊರಗೆ ಹೋಗುತ್ತದೆ, ನಿಂತಾಗ ಅದೇ ತೂತಿನಿಂದ ಗಟಾರದ ನೀರು ಒಳಗೆ ಬರುತ್ತದೆ ಎಂದು ವಿವರಿಸಿದ. ಹೇಳುತ್ತಲೇ ಸಲಾಕೆಯನ್ನು ಇಷ್ಟಿಷ್ಟೇ ಸರಿಸುತ್ತ ಬಂದು ನಮ್ಮ ಹೊಸ್ತಿಲ ಕಲ್ಲಿಗೆ ಇಟ್ಟ.

ಬಹಳ ಹೊತ್ತು ಕೇಳಿದ. ಆಮೇಲೆ ತಲೆ ಎತ್ತಿ ನನ್ನ ಮುಖ ನೋಡಿದ. ನಾನು ಬಾಗಿಲ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದೆ. ಅವನು ಎದ್ದು, ಹದಿನೈದು ಹೆಜ್ಜೆ ಆಚೆ ಹೋಗಿ, ರಸ್ತೆಯ ಮೇಲೆ ಸುಣ್ಣದಿಂದ ಗುರುತು ಹಾಕಿದ.

ಮಧ್ಯಾಹ್ನ ಅಲ್ಲಿ ಎದೆಮಟ್ಟ ಅಗೆದರು. ಮಣ್ಣು ಒಣಗಿತ್ತು. "ಕಿವಿ ಊರಾಗ ಇಟ್ಟು ಬಂದೀ ಏನು?" ಎಂದು ಮೇಸ್ತ್ರಿ ಅಜಯಕುಮಾರ ಎಲ್ಲರೆದುರು ಕೂಗಾಡಿದ. ಅಣವೀರ ಸಲಾಕೆಯ ಮಣ್ಣು ಒರೆಸುತ್ತ ಬೈಸಿಕೊಂಡ. ಅವನ ಕಿವಿ ಸರಿಯಾಗಿದೆ ಎಂದು ನನಗೆ ಗೊತ್ತಿತ್ತು.

ನಮ್ಮಪ್ಪ ದೇವಿಂದ್ರಪ್ಪ ನೆಲಕ್ಕೆ ಹಾಸುವ ಫರಸಿಯ ಗಣಿಯಲ್ಲಿ ಕಲ್ಲು ಸೀಳುತ್ತಿದ್ದವನು. ನೀರಿನ ಪಾಳಿಯಲ್ಲಿ ಜಗಳವಾದರೆ ಓಣಿಯವರು ಅವನನ್ನೇ ಕರೆಯುತ್ತಿದ್ದರು, ಅವನು ಹೇಳಿದ್ದಕ್ಕೆ ಯಾರೂ ಎದುರಾಡುತ್ತಿರಲಿಲ್ಲ. ಅವ್ವ ಬೆನ್ನಿನ ಆಪರೇಷನ್ ಆಗಿ ಮಲಗಿದ್ದ ವರ್ಷ ಅದೇ ಅಪ್ಪ, ನಮ್ಮ ಪಡಸಾಲೆಯ ಕೆಳಗೆ ಹಾದುಹೋಗುವ ಓಣಿಯ ಹಳೆಯ ಪೈಪಿಗೆ ಕದ್ದು ಒಂದು ನಳ ಜೋಡಿಸಿದ. ಮೇಲೆ ತನ್ನ ಕೈಯಾರೆ ಫರಸಿ ಹಾಸಿದ. ಅವನು ತೀರಿಕೊಂಡು ಮೂರು ವರ್ಷವಾದರೂ ಓಣಿಯವರು "ದೇವಿಂದ್ರಪ್ಪನಂಥ ನ್ಯಾಯಸ್ಥ ಇಲ್ಲ" ಎನ್ನುತ್ತಾರೆ. ಆ ಕಲ್ಲು ಎತ್ತಿದರೆ ಆ ಹೆಸರು ಹೋಗುತ್ತಿತ್ತು.

ಮೂರನೆಯ ದಿನ ಅಣವೀರ, ಮೊಳೆಗೆ ಸಿಕ್ಕು ಹರಿಯಿತೆನ್ನುತ್ತ, ಅಂಗಿಯ ಹರಿದ ತೋಳು ಹೊಲಿಸಲು ಬಂದ.

"ಇದು ಮೊಳಿಗೆ ಸಿಕ್ಕು ಹರದದ್ದಲ್ಲ ಬಿಡ್ರಿ. ನೀವೇ ಹರಕೊಂಡೀರಿ."

"ಟೇಲರ್ ಮುಂದ ಸುಳ್ಳು ನಡ್ಯಾಂಗಿಲ್ಲ ನೋಡ್ರಿ," ಎಂದು ನಕ್ಕ.

"ಮತ್ತ ರಸ್ತೆ ಮ್ಯಾಲ ಯಾಕ ಸುಳ್ಳು ಗುರುತು ಹಾಕಿದ್ರಿ?"

ಅವನ ನಗು ನಿಂತಿತು. "ಹೊಸ್ತಿಲಕ್ಕ ಸಲಾಕಿ ಇಟ್ಟಾಗ ಖರೇ ಜಾಗ ಗೊತ್ತಾತು. ಆದ್ರ ನಿಮ್ಮ ಮುಖಾ ನೋಡಿದೆ. ಒಂದ ಮುಂಜಾನಿಗೆ ಮನಸು ಇಷ್ಟು ಹೋಗಬಾರದಿತ್ತು, ಹೋತು."

ನನ್ನದೂ ಹೋಗಿತ್ತು. ಹೇಳಲಿಲ್ಲ. ಯಾರಾದರೂ ನನಗಾಗಿ ಬೈಸಿಕೊಂಡದ್ದು ಅದೇ ಮೊದಲು. ನಾಚಿಕೆ ಬಿಟ್ಟು ಹೇಳುತ್ತೇನೆ, ಖುಷಿಯಾಗಿತ್ತು.

ಆ ಖುಷಿ ಎರಡು ದಿನ ಬಾಳಿತು. ಓಣಿಯ ತುದಿಯ ಗನಿಸಾಬರ ಸೊಸೆ, ಏಳು ತಿಂಗಳ ಬಸುರಿ, ಕಾಮಾಲೆಯಾಗಿ ಕಲಬುರಗಿಯ ದವಾಖಾನೆ ಸೇರಿದಳು. ನೀರಿನಿಂದ ಬಂದದ್ದೆಂದು ಡಾಕ್ಟರು ಹೇಳಿದರಂತೆ.

ಅಂಗಿ ಕೊಡುವಾಗ ಅಣವೀರ ಬರೆಸಿದ್ದ ನಂಬರಿಗೆ ಫೋನ್ ಮಾಡಿದೆ. "ನಾಳಿ ಬಂದು ನಮ್ಮ ಪಡಸಾಲಿ ಕಲ್ಲು ಎಬ್ಬಸ್ರಿ."

"ಅವತ್ತ ನಾ ಖರೇ ಗುರುತು ಹಾಕಿದ್ರ..." ಎಂದ ಅವನು.

"ಎರಡು ತಿಂಗಳಿಂದ ಬಾಯಿ ಮುಚ್ಕೊಂಡು ಕುಂತಾಕಿ ನಾನು. ಬರ್ರಿ."

ಅವ್ವ ಯಂಕಮ್ಮ ಅತ್ತಳು. "ಸತ್ತವನ ಹೆಸರು ಬೀದಿಗಿ ತರಬ್ಯಾಡ ಮಾಲಾ."

"ಬದುಕಿರಾಕಿ ದವಾಖಾನ್ಯಾಗ ಅದಾಳವ್ವ."

ಬೆಳಿಗ್ಗೆ ಅವ್ವ ಆ ಕಲ್ಲಿನ ಮೇಲಿದ್ದ ಟ್ರಂಕನ್ನು ತಾನೇ ಸರಿಸಿದಳು.

ಕಲ್ಲು ಎಬ್ಬಿಸುವ ಮೊದಲು ಓಣಿಯವರನ್ನೆಲ್ಲ ಕರೆದು, ಅಪ್ಪ ಮಾಡಿದ್ದನ್ನೂ ನನಗೆ ಗೊತ್ತಿದ್ದದ್ದನ್ನೂ ಹೇಳಿದೆ. ಅಣವೀರನೂ ಅಜಯಕುಮಾರನೆದುರು, "ನಾ ಬೇಕಂತನ ತಪ್ಪು ಗುರುತು ಹಾಕಿದ್ದೆ" ಎಂದ. ಹಾರೆ ಹಾಕಿ ಫರಸಿ ಎತ್ತಿದಾಗ ತುಕ್ಕು ಹಿಡಿದ ಜೋಡಣೆಯ ಸುತ್ತ ಕಪ್ಪು ನೀರು ನಿಂತಿತ್ತು.

ಅಪ್ಪನ ಜೊತೆ ಇಪ್ಪತ್ತು ವರ್ಷ ಗಣಿಯಲ್ಲಿ ದುಡಿದ ಗನಿಸಾಬರು ಅದನ್ನೇ ನೋಡುತ್ತ ನಿಂತರು. "ನನ್ನ ಸೊಸಿ ಮನಿಗಿ ಬರಲಿ ಬೇಟಿ. ಅಲ್ಲೀತನ ನಿನ್ನ ಸಂಗಟ ನನ್ನ ಮಾತಿಲ್ಲ," ಎಂದು ಹೋದರು.

ಕದ್ದ ಜೋಡಣೆಯನ್ನು ಕಿತ್ತು ಪೈಪಿನ ತೂತು ಮುಚ್ಚಿದರು. ಅಣವೀರನ ಕೆಲಸ ಅದೇ ಸಂಜೆ ಹೋಯಿತು. ಬಸ್ ಹಿಡಿಯುವ ಮೊದಲು ಬಾಗಿಲಿಗೆ ಬಂದ.

"ನಾ ಮಾಡಿದ್ದು ತಪ್ಪು. ನಿಮ್ಮ ಮ್ಯಾಲ ಮನಸಾಗಿದ್ದು ತಪ್ಪಲ್ಲ. ಏನರೆ ಹೇಳ್ರಿ, ಕೇಳಿ ಹೋಗ್ತೀನಿ."

"ಆಕಿ ಮನಿಗಿ ಬರೋತನ ನಾ ಏನೂ ಹೇಳಂಗಿಲ್ರಿ."

ಅವನು ತಲೆಯಾಡಿಸಿ ಹೋದ. ಇಪ್ಪತ್ತಾರು ದಿನ, ದಿನಾ ಸಂಜೆ, "ಆಕಿ ಹ್ಯಾಂಗದಾಳ?" ಎಂದಷ್ಟೇ ಅವನ ಮೆಸೇಜ್. ನಮ್ಮಿಬ್ಬರ ಬಗ್ಗೆ ಒಂದಕ್ಷರ ಇರುತ್ತಿರಲಿಲ್ಲ. ಅದನ್ನು ಓದಿ ಓದಿ ಅವನ ಮೇಲೆ ಪ್ರೀತಿ ಇನ್ನೂ ಹೆಚ್ಚಾಯಿತು.

ಇಪ್ಪತ್ತೇಳನೆಯ ದಿನ ಗನಿಸಾಬರ ಮನೆ ಮುಂದೆ ಆಟೋ ನಿಂತಿತು. ಸೊಸೆ ಸೊರಗಿದ್ದಳು, ಹೊಟ್ಟೆಯೊಳಗಿನ ಕೂಸು ಕ್ಷೇಮವಾಗಿತ್ತು. ಸ್ವಲ್ಪ ಹೊತ್ತಿಗೆ ಗನಿಸಾಬರು ನಮ್ಮ ಬಾಗಿಲಿಗೆ ಬಂದು, "ಒಂದು ತಂಬಿಗಿ ನೀರು ಕೊಡು ಬೇಟಿ" ಎಂದರು. ನಮ್ಮ ಮನೆಯ ನೀರನ್ನು ನಿಂತಲ್ಲೇ ಪೂರ್ತಿ ಕುಡಿದರು.

ಮರುದಿನ ನಾನು ತೆಂಗಳಿಗೆ ಹೋದೆ. ಅಂಗಳದಲ್ಲಿದ್ದ ಅಣವೀರ ನನ್ನನ್ನು ಕಂಡು ಗಾಬರಿಯಿಂದ ಎದ್ದ.

"ಆಕಿಗಿ ಏನಾತು?"

"ಆರಾಮ ಆಗಿ ಮನಿಗಿ ಬಂದಳ್ರಿ. ಅದಕ್ಕ ನಾನೂ ಬಂದೀನಿ. ಇನ್ನ ನನ್ನ ಸಲುವಾಗಿ ಯಾರಿಗೂ ಸುಳ್ಳು ಹೇಳಬ್ಯಾಡ್ರಿ. ಅಷ್ಟಾದ್ರ ನಿಮ್ಮ ಸಂಗಟ ಬಾಳೇವು ಮಾಡ್ತೀನಿ."

"ಹೇಳಂಗಿಲ್ಲ," ಎಂದ. ಆಮೇಲೆ ಮುಖ ಆಚೆ ತಿರುಗಿಸಿ, "ಖರೇ ಹೇಳ್ಲಿ? ನೀವು ಬರಂಗಿಲ್ಲ ಅಂತ ದಿನಾ ಅತ್ತೀನ್ರಿ."

ಅವನ ಅವ್ವ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ನಾನು ಅವನ ಕೈ ಹಿಡಿದುಕೊಂಡೆ, ಬಿಡಲಿಲ್ಲ.