ಹಕ್ಕಲ ತೆನೆ

“ನಿಮ್ಮಣ್ಣ ಮುತ್ತುಗ ಫೋನ್ ಮಾಡೇನಿ. ಇವತ್ತ ಸಂಜಿಕೆ ಬರ್ತಾನ. ಅವನ ಜೋಡಿ ನೀ ಬಾಗೇವಾಡಿಗೆ ಹೋಗಿಬಿಡು!”

ಅತ್ತೆ ಶೇವಂತೆವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿದರು. ರೊಟ್ಟಿ ಬಡಿಯುತ್ತಿದ್ದ ಸುಜಾತಾಳ ಕೈ ಹಾಗೇ ನಿಂತಿತು. ಹಂಚಿನ ಮೇಲಿದ್ದ ರೊಟ್ಟಿ ಸೀದು ಹೊಗೆಯೆದ್ದರೂ ಅವಳಿಗೆ ತಿಳಿಯಲಿಲ್ಲ.

“ನಾ ಏನ್ ತಪ್ಪು ಮಾಡೇನ್ರಿ, ಅತ್ತಿ?”

“ತಪ್ಪಿನ ಮಾತಲ್ಲ. ಮಗನ ಇಲ್ಲದ ಮನ್ಯಾಗ ಸೊಸಿ ಎದಕ?”

ಸುಜಾತಾಳ ಗಂಡ ಕಾಂತು ಕಾಮಾಲೆಯಿಂದ ತೀರಿಕೊಂಡು ವರ್ಷವಾಗಿತ್ತು. ಸಿಂದಗಿಯ ಆ ಎರಡು ಕೋಣೆಯ ಮನೆಯಲ್ಲಿ ಉಳಿದವರು ಇವರಿಬ್ಬರೇ. ಐದನೇ ಇಯತ್ತೆಗೆ ಶಾಲೆ ಬಿಟ್ಟಿದ್ದ ಸುಜಾತಾಳಿಗೆ ಅಕ್ಷರದ ಕೆಳಗೆ ಬೆರಳಿಟ್ಟು ಬೈಬಲ್ ಓದಲು ಕಲಿಸಿದವನು ಅವನು. ಅವನು ಹೋದ ಮೇಲೆ ಒಂದು ಶುಕ್ರವಾರ, ಪ್ರಾರ್ಥನೆಗೆ ಕೂಡಿದ್ದ ಹೆಂಗಸರ ಮುಂದೆ ಅವಳು ಓದುತ್ತ ಒಂದು ಹೆಸರಿಗೆ ತಡವರಿಸಿದಳು. “ಇದೇನು ಸಂತಿ ಯಾದಿ ಅಲ್ಲ, ಕೊಡಿಲ್ಲೆ” ಎಂದು ಅತ್ತೆ ಪುಸ್ತಕ ಕಸಿದುಕೊಂಡರು. ಎಲ್ಲರೂ ನಕ್ಕರು... ಅಂದಿನಿಂದ ಸುಜಾತಾ ಚಹಾ ಕಾಯಿಸುವ ನೆವದಿಂದ ಒಲೆಯ ಬಳಿಯೇ ಕುಳಿತು ಪಾಠ ಕೇಳುತ್ತಿದ್ದಳು. ಆದರೂ ಈ ಮನೆ ಬಿಡಲು ಅವಳ ಜೀವ ಒಪ್ಪುತ್ತಿರಲಿಲ್ಲ. ರಾತ್ರಿ ಅತ್ತೆ ಗೋಡೆಯ ಕಡೆ ಮುಖ ಮಾಡಿ ಮಗನಿಗಾಗಿ ಅಳುವುದನ್ನು ಕೇಳಿದವಳು ಅವಳೊಬ್ಬಳೇ ಅಲ್ಲವೇ!

ಅತ್ತೆ ಆ ಮಾತು ಹೇಳಿದ ಮುಂಜಾನೆಯೇ ಮುದ್ದೇಬಿಹಾಳದ ಸಾಕ್ಷಿ ಪ್ರಾರ್ಥನೆಯ ಹೆಂಗಸರನ್ನು ಟಂಟಂ ಆಟೋದಲ್ಲಿ ಕೂರಿಸಿಕೊಂಡು ಬಂದಳು. ಹೆಂಗಸರಿಗೆ ಬೈಬಲ್ ಕಲಿಸುವ ಹುಡುಗಿ. ಓದಿದ್ದನ್ನು ಕೈಯಾರೆ ಮಾಡಿ ನೋಡಬೇಕೆಂಬುದು ಅವಳ ಹಟ. ಈ ಸಲದ ಪಾಠ ರೂತಳದು. ತವರಿಗೆ ಹೋಗೆಂದರೂ ‘ನೀ ಎಲ್ಲೋ ನಾನೂ ಅಲ್ಲೇ’ ಎಂದು ಹೋಗದೆ, ಯಾರದೋ ಹೊಲದಲ್ಲಿ ಕೊಯ್ಲಿನವರು ಬಿಟ್ಟುಹೋದ ಹಕ್ಕಲ ತೆನೆ ಆರಿಸಿ ತಂದು ಅತ್ತೆಯನ್ನು ಸಾಕಿದ ವಿಧವೆ ಸೊಸೆ ರೂತಳು.

“ನಾಲ್ಕೂ ಅಧ್ಯಾಯ ನನ್ನ ಬಾಯಾಗ ಅದಾವವಾ” ಎಂದರು ಶೇವಂತೆವ್ವ.

“ಬಾಯಾಗ ಇರ್ಲಿ ಬಿಡ್ರಿ ಅಮ್ಮಾರ, ಇವತ್ತ ಕೈಯಾಗ ತಗೊಳ್ಳೂಣು. ಸುಜಾತಾ, ನೀನೂ ಹತ್ತು!”

ದೇವಣಗಾಂವದ ಹೊಲದಲ್ಲಿ ಜೋಳ ಕಿತ್ತಾಗಿತ್ತು. ತೆನೆಸಹಿತ ದಂಟನ್ನು ಸಿವುಡು ಕಟ್ಟಿ, ಆ ಕಟ್ಟುಗಳನ್ನು ಸಾಲಾಗಿ ಇಟ್ಟಿದ್ದರು. ಕರಿಮಣ್ಣಿಗೆ ಕಾಲಿಟ್ಟದ್ದೇ ತಡ, ಸುಜಾತಾ ಬೇರೆಯೇ ಹೆಣ್ಣಾದಳು. ಅವ್ವನ ಹಿಂದೆ ಹಕ್ಕಲ ಆರಿಸಿಯೇ ಬೆಳೆದವಳು ಅವಳು. “ಒಣಗಿದ ಎಲಿ ಕಾಲಿಲೆ ಸರಸ್ರಿ... ಬಿರುಕಿನ್ಯಾಗ ನೋಡ್ರಿ, ಅಲ್ಲೇ ಅಡಗಿರ್ತಾವ” ಎಂದಳು. ಅಂದು ನಕ್ಕಿದ್ದ ಹೆಂಗಸರೇ ಅವಳ ಹಿಂದೆ ಹಿಂದೆ ನಡೆದರು.

ಪೇಟೆಯಲ್ಲಿ ಹುಟ್ಟಿ ಬೆಳೆದ ಶೇವಂತೆವ್ವನಿಗೆ ಬಗ್ಗಿದರೆ ನಡು ಹಿಡಿಯುತ್ತಿತ್ತು. ತಾಸಾದರೂ ಚೀಲ ಖಾಲಿ. ಸಿವುಡುಗಳ ನಡುವೆಯೂ ಆರಿಸಲಿ, ಬೆದರಿಸಬೇಡಿರಿ ಎಂದು ರೂತಳ ಕಥೆಯಲ್ಲಿ ಹೊಲದ ಧಣಿ ಆಳುಗಳಿಗೆ ಹೇಳಿದ್ದು ನೆನಪಾಯಿತು. ನೆಟ್ಟಗೆ ಒಂದು ಸಿವುಡಿನ ಬಳಿ ಹೋಗಿ ತೆನೆ ಮುರಿಮುರಿದು ಉಡಿ ತುಂಬಿಕೊಂಡರು. ಅದನ್ನು ಕಂಡ ಸುಜಾತಾ ತಡೆಯಲು ಓಡಿದಳು.

“ಏ! ಸಿವುಡಿಗೆ ಕೈ ಹಚ್ಚಿದಾಕಿ ಯಾಕಿ?” ಕೂಲಿಯ ತಿಪ್ಪವ್ವ ಕೂಗುತ್ತ ಬಂದಳು. “ನಿಮಗ ಮಾಲಕ ಹೇಳಿದ್ದು ಹಕ್ಕಲ ಆರಸಾಕ! ಇವು ನಮಗ ಕೂಲಿ ಅಂತ ಕೊಟ್ಟ ಸಿವುಡು. ಎಂಟ ದಿನ ನಡ ಮುರದು ಕಿತ್ತೇವಿ. ದೇವರ ಹೆಸರ ಹೇಳಿ ಬಂದು ಕಳವು ಮಾಡ್ತೀರೇನ?”

ಶೇವಂತೆವ್ವನ ಮುಖ ಬಿಳಚಿತು. ಹಿಡಿದ ಸೆರಗು ಜಾರಿ, ಉಡಿಯ ತೆನೆಗಳು ಅತ್ತೆ ಸೊಸೆಯರ ಕಾಲ ನಡುವೆ ಉದುರಿದವು.

“ನಾನ ಮುರದೇನ್ರಿ ಯವ್ವಾ... ತಪ್ಪಾತು” ಎಂದಳು ಸುಜಾತಾ.

“ಹೊಲದಾಗ ದುಡದ ಕೈ ಕಾಣತಾವ ನಿನ್ನವು. ನಿನಗ ತಿಳೀಲಿಲ್ಲ? ನಾಚಿಕಿ ಬರಂಗಿಲ್ಲ?”

ಸುಜಾತಾ ಬಗ್ಗಿ ಉದುರಿದ ತೆನೆಗಳನ್ನು ಸಿವುಡಿನ ಬಳಿ ಕೂಡಿಸತೊಡಗಿದಳು. ಎಲ್ಲರೂ ನೋಡುತ್ತಿದ್ದರು...

“ಸುಳ್ಳು!” ಶೇವಂತೆವ್ವನ ದನಿ ಒಡೆಯಿತು. “ಆಕಿ ಸುಳ್ಳ ಹೇಳಾಕತ್ತಾಳ. ಮುರದಾಕಿ ನಾನು! ಹಕ್ಕಲಂದ್ರ ಏನಂತ ನನಗ ಗೊತ್ತಿಲ್ಲ ತಂಗಿ... ಬರೇ ಓದೇನಿ. ಇಷ್ಟ ವರ್ಷ ಬರೇ ಓದೇನಿ!” ಎನ್ನುತ್ತ ಅಲ್ಲೇ ಕುಸಿದು ಕುಳಿತರು.

ತಿಪ್ಪವ್ವನ ಸಿಟ್ಟು ಇಳಿಯಿತು. “ಆತ ಬಿಡ್ರಿ, ಮುರದ ತೆನಿ ಇಲ್ಲೇ ಇಟ್ಟಬಿಡ್ರಿ. ಏಳ್ರಿ ಮ್ಯಾಲ, ನೆಲ ಕಾದೈತಿ.”

ಸುಜಾತಾ ಅತ್ತೆಯನ್ನು ಎಬ್ಬಿಸಿದಳು. ಅವರ ಕೈ ಹಿಡಿದು ಒಣ ಎಲೆಗಳ ಕೆಳಗೆ ಒಯ್ದಳು. “ಇಲ್ಲೈತ್ರಿ, ಅತ್ತಿ.” ಒಂದು ಗಿಡ್ಡ ತೆನೆ. ಅದನ್ನು ಎತ್ತಿಕೊಳ್ಳುವಾಗ ಶೇವಂತೆವ್ವನ ಕಣ್ಣೀರು ಸೊಸೆಯ ಮುಂಗೈ ಮೇಲೆ ಬಿತ್ತು. ಆ ಕೈಯನ್ನು ಅವರು ಬಹಳ ಹೊತ್ತು ಬಿಡಲಿಲ್ಲ.

ಸಂಜೆ ಮುತ್ತು ಮೋಟಾರ್‌ಸೈಕಲ್ ಮೇಲೆ ಬಂದ. ಶೇವಂತೆವ್ವ ಬಾಗಿಲಿಗೆ ಬಂದರು.

“ನಿನ್ನ ತಂಗೀನ ಒಯ್ಯೂದಾದರ ನನ್ನೂ ಕರಕೊಂಡ ನಡಿಯಪಾ. ಆಕಿ ಎಲ್ಲೋ ನಾನೂ ಅಲ್ಲೆ.”

ಮುತ್ತು ತಬ್ಬಿಬ್ಬಾದ. “ನೀವ ಬಾ ಅಂದ್ರಿ... ಗಾಡಿ ಮ್ಯಾಲ ಮೂರ ಮಂದಿ ಹೆಂಗ್ರಿ, ಅತ್ತಿ?”

“ಅದನ್ನ ನಾನೂ ಹೇಳಾಕತ್ತೇನಿ, ಮೂರ ಮಂದಿ ಹೋಗಾಕ ಆಗಂಗಿಲ್ಲ!” ಎಂದು ನಗಲು ಹೋದವರು ಅತ್ತುಬಿಟ್ಟರು. “ಇಕಿ ಮಾರಿ ನೋಡಿದಾಗೆಲ್ಲಾ ನನ್ನ ಕಾಂತು ನೆನಪಾಗತಿದ್ದ. ತಾಳಲಾರದ ಕಳಸಾಕ ಹೊಂಟಿದ್ದೆ... ಇರ್ತಿಯೇನ, ಮಗಳ? ಇರು ಅನ್ನಾಕ ನನಗ ಬಾಯಿಲ್ಲ. ಕೇಳಾಕತ್ತೇನಿ.”

ಸುಜಾತಾ ಸೆರಗಿನಿಂದ ಅತ್ತೆಯ ಮುಖ ಒರೆಸಿದಳು. ಆಮೇಲೆ ಅಣ್ಣನ ಕಡೆ ತಿರುಗಿದಳು.

“ಅಣ್ಣಾ, ಕೈಕಾಲು ತೊಳಕೊ. ಉಂಡು ಹೋಗು.”